‘ಫುಲ್ ಇನ್ಶೂರೆನ್ಸ್ ಇದೆ’ ಅಂದರೆ ಯಾರಿಗೆ ಇದೆ?

ಪ್ರಶ್ನೆ: ನಾವು ವಿಠ್ಠಲವಾಡಿಯಲ್ಲಿದ್ದೇವೆ. ಊರು ಕುಂದಾಪುರದ ಹತ್ತಿರ. ಮೇ ರಜೆಗೆ ಊರಿಗೆ ಹೋಗಬೇಕು, ಮತ್ಸ್ಯಗಂಧದ ಟಿಕೆಟ್ ವೇಟಿಂಗ್ ಲಿಸ್ಟಿನಲ್ಲೇ ಉಳಿದಿದೆ. ನಮ್ಮದೊಂದು ಚಿಕ್ಕ ಕಾರಿದೆ. ಅತ್ತೆ, ಮಾವ, ಇಬ್ಬರು ಮಕ್ಕಳು, ನಾವಿಬ್ಬರು, ಮೇಲೆ ಸಾಮಾನು, ಅಷ್ಟೆಲ್ಲ ಅದರಲ್ಲಿ ಹಿಡಿಸುವುದಿಲ್ಲ. ಹಾಗಾಗಿ ಕಲ್ಯಾಣದ ಏಜೆನ್ಸಿಯೊಂದರಿಂದ ಏಳು ಸೀಟಿನ ಸೆಲ್ಫ್ ಡ್ರೈವ್ ಗಾಡಿಯನ್ನು ಹತ್ತು ದಿನಕ್ಕೆ ತೆಗೆದುಕೊಳ್ಳೋಣ ಎಂದು ನಮ್ಮ ಯಜಮಾನರು ಹೇಳುತ್ತಾರೆ. ಏಜೆನ್ಸಿಯವರು ‘ಗಾಡಿಗೆ ಫುಲ್ ಇನ್ಶೂರೆನ್ಸ್ ಇದೆ, ಟೆನ್ಶನ್ ಬೇಡ’ ಎನ್ನುತ್ತಾರೆ. ಅದೇ ಬಾಯಲ್ಲಿ ಹತ್ತು ಸಾವಿರ ಡೆಪಾಸಿಟ್ ಕೇಳುತ್ತಾರೆ. ವಿಮೆ ಇದ್ದ ಮೇಲೆ ಡೆಪಾಸಿಟ್ ಯಾಕೆ? ನಮ್ಮ ಸ್ವಂತ ಕಾರಿನ ವಿಮೆ ಇದಕ್ಕೆ ಉಪಯೋಗಕ್ಕೆ ಬರುತ್ತದೆಯೇ? ಅಮೆರಿಕದಲ್ಲಿರುವ ನಾದಿನಿ ‘ಬರುತ್ತದೆ’ ಅನ್ನುತ್ತಾಳೆ. ಹತ್ತೊಂಬತ್ತರ ಮಗನೂ ಸ್ವಲ್ಪ ದೂರ ಓಡಿಸುತ್ತೇನೆ ಎಂದು ಹಟ ಹಿಡಿದಿದ್ದಾನೆ. ಇದನ್ನೆಲ್ಲ ಯೋಚಿಸಿ ರಾತ್ರಿ ನಿದ್ದೆ ಬರುತ್ತಿಲ್ಲ.
– ಒಬ್ಬ ಓದುಗರು, ವಿಠ್ಠಲವಾಡಿ

ಉತ್ತರ: ಈ ಪ್ರಶ್ನೆಯನ್ನು ಹೊರಡುವ ಮೊದಲೇ ಕೇಳಿದ್ದೀರಿ, ಸಂತೋಷ. ಹೆಚ್ಚಿನವರಿಗೆ ಇದು ನೆನಪಾಗುವುದು ಗಾಡಿ ಘಾಟಿಯ ಕಟ್ಟೆಗೆ ಒರಸಿದ ಮೇಲೆ. ನಿಮ್ಮ ಗೊಂದಲ ಸಹಜವಾದದ್ದು. ಏಜೆನ್ಸಿಯವರು ಹೇಳಿದ ಮಾತು ಸುಳ್ಳಲ್ಲ, ಅವರು ಕೇಳಿದ ಡೆಪಾಸಿಟ್ ಮೋಸವೂ ಅಲ್ಲ. ಎರಡೂ ನಿಜವಾಗಿರಲು ಸಾಧ್ಯ. ವಿಮೆ ಇರುವುದು ಗಾಡಿಯ ಮಾಲೀಕರಿಗೆ, ಡೆಪಾಸಿಟ್ ಇರುವುದು ನಿಮಗೆ. ಹೇಗೆಂದು ಒಂದೊಂದಾಗಿ ನೋಡೋಣ.

ಮೊದಲು, ಗಾಡಿಯಿಂದ ಆಗಬಹುದಾದ ನಷ್ಟವನ್ನು ಮೂರು ಪಾಲು ಮಾಡಿಕೊಳ್ಳಿ: ರಸ್ತೆಯಲ್ಲಿರುವ ಬೇರೆಯವರಿಗೆ ಆಗುವ ನಷ್ಟ, ಗಾಡಿಗೇ ಆಗುವ ನಷ್ಟ, ಓಡಿಸುವವರಿಗೆ ಆಗುವ ನಷ್ಟ. ‘ಫುಲ್’ ಎನ್ನುವ ಪದ ಈ ಮೂರನ್ನೂ ಒಂದೇ ಚೀಲಕ್ಕೆ ತುಂಬಿಬಿಡುತ್ತದೆ. ಆದರೆ ಮೂರಕ್ಕೂ ನಿಯಮ ಬೇರೆ ಬೇರೆ.

ಒಂದನೆಯದು ಬೇರೆಯವರಿಗೆ ಆಗುವ ನಷ್ಟ. 1988ರ ಮೋಟಾರು ವಾಹನ ಕಾಯಿದೆಯ 146ನೇ ಕಲಮಿನ ಪ್ರಕಾರ ಥರ್ಡ್ ಪಾರ್ಟಿ ವಿಮೆ ಇಲ್ಲದ ಗಾಡಿಯನ್ನು ರಸ್ತೆಗೆ ಇಳಿಸುವಂತಿಲ್ಲ. ದಾರಿಹೋಕರೊಬ್ಬರಿಗೆ ಪೆಟ್ಟಾದರೆ ಅಥವಾ ಜೀವ ಹೋದರೆ ನ್ಯಾಯಮಂಡಳಿ ನಿಗದಿ ಮಾಡುವ ಪರಿಹಾರವನ್ನು ವಿಮಾ ಕಂಪನಿ ಕೊಡುತ್ತದೆ, ಇದಕ್ಕೆ ಮೇಲ್ಮಿತಿ ಇಲ್ಲ. ಬೇರೆಯವರ ಆಸ್ತಿಗೆ, ಅಂದರೆ ಎದುರಿನ ಕಾರಿಗೋ ಅಂಗಡಿಯ ಶಟರಿಗೋ ಆಗುವ ಹಾನಿಗೆ ಸಾಮಾನ್ಯವಾಗಿ 7.5 ಲಕ್ಷ ರೂಪಾಯಿಯ ಮಿತಿ ಇರುತ್ತದೆ. ಈ ವಿಮೆ ಗಾಡಿಯ ಜೊತೆ ಹೋಗುತ್ತದೆ. ಸರಿಯಾದ ಲೈಸೆನ್ಸ್ ಇರುವವರು ಮಾಲೀಕರ ಒಪ್ಪಿಗೆಯಿಂದ ಓಡಿಸುತ್ತಿದ್ದರೆ ಸಾಕು, ಅವರು ಮಾಲೀಕರೇ ಆಗಿರಬೇಕಿಲ್ಲ. ಆದ್ದರಿಂದ ಗಾಡಿಯ ಕಾಗದಪತ್ರ ಸರಿ ಇದ್ದರೆ ಈ ಪಾಲಿನ ಚಿಂತೆ ಬಿಡಬಹುದು.

ಕಾಗದಪತ್ರ ಸರಿ ಇದೆಯೇ ಎಂದು ನೋಡುವ ಕೆಲಸವನ್ನು ಮಾತ್ರ ಬಿಡಬೇಡಿ. ವಿಮೆ ಇಲ್ಲದ ಗಾಡಿ ಸಿಕ್ಕಿಬಿದ್ದರೆ 196ನೇ ಕಲಮಿನಡಿ ದಂಡ ಬೀಳುವುದು ಮಾಲೀಕರ ಮೇಲೆ ಮಾತ್ರವಲ್ಲ, ಓಡಿಸಿದವರ ಮೇಲೂ ಬೀಳುತ್ತದೆ. ಮೊದಲ ಸಲಕ್ಕೆ ಎರಡು ಸಾವಿರ ರೂಪಾಯಿ ಅಥವಾ ಮೂರು ತಿಂಗಳವರೆಗಿನ ಸಜೆ. ಎಂಪರಿವಾಹನ್ ಆ್ಯಪಿನಲ್ಲಿ ಗಾಡಿಯ ನಂಬರು ಹಾಕಿದರೆ ವಿಮೆ ಯಾವ ದಿನಾಂಕದವರೆಗೆ ಇದೆ ಎಂಬುದು ಮನೆಯಲ್ಲೇ ಕೂತು ಗೊತ್ತಾಗುತ್ತದೆ. ನೀವು ಹೋಗಿಬರುವ ಹತ್ತೂ ದಿನ ಆ ದಿನಾಂಕದೊಳಗೆ ಬರಬೇಕು.

ಎರಡನೆಯದು ಗಾಡಿಗೇ ಆಗುವ ನಷ್ಟ. ನಿಮ್ಮ ಡೆಪಾಸಿಟ್ಟಿನ ಗುಟ್ಟು ಇಲ್ಲಿದೆ, ಇದನ್ನು ಸ್ವಲ್ಪ ನಿಧಾನವಾಗಿ ನೋಡೋಣ. ಲೆಕ್ಕಕ್ಕೆಂದು ಹೀಗೆ ಇಟ್ಟುಕೊಳ್ಳಿ. ಕುಂದಾಪುರದ ಪೇಟೆಯಲ್ಲಿ ರಿವರ್ಸ್ ತೆಗೆಯುವಾಗ ಹಿಂದಿನ ಬಂಪರ್ ಕಂಬಕ್ಕೆ ತಾಗಿ ಒಡೆಯಿತು. ಹೊಸ ಬಂಪರಿಗೆ 8,000, ಕೂಲಿ 4,000, ಒಟ್ಟು 12,000 ರೂಪಾಯಿ ಬಿಲ್ಲು. ಸಾಮಾನ್ಯ ಪಾಲಿಸಿಯಲ್ಲಿ ಪ್ಲಾಸ್ಟಿಕ್, ರಬ್ಬರ್ ಭಾಗಗಳಿಗೆ ಸವಕಳಿ ಎಂದು ಅರ್ಧ ಬೆಲೆ ಕಳೆಯುತ್ತಾರೆ. ಅಲ್ಲಿಗೆ 4,000 ಹೋಯಿತು. ಪ್ರತಿ ಕ್ಲೇಮಿನಲ್ಲೂ ಮಾಲೀಕರೇ ಭರಿಸಬೇಕಾದ ಕಡ್ಡಾಯ ಮೊತ್ತ ಎಂದು ಒಂದಿದೆ. ಖಾಸಗಿ ಕಾರಾದರೆ 1500 ಸಿಸಿ ಒಳಗಿನದಕ್ಕೆ 1,000, ಅದಕ್ಕಿಂತ ದೊಡ್ಡದಕ್ಕೆ 2,000. ಬಾಡಿಗೆ ಗಾಡಿಯ ಪಾಲಿಸಿಯಲ್ಲಿ ಈ ಅಂಕಿ ಬೇರೆ ಇರಬಹುದು. ದೊಡ್ಡ ಗಾಡಿಯ 2,000ವನ್ನೇ ಹಿಡಿದರೂ ವಿಮಾ ಕಂಪನಿ ಕೊಡುವುದು 6,000. ಉಳಿದ 6,000 ಯಾರ ಕೈಯಿಂದ?

ಪಾಲಿಸಿ ಇರುವುದು ವಿಮಾ ಕಂಪನಿಗೂ ಮಾಲೀಕರಿಗೂ ನಡುವೆ. ಅದರಲ್ಲಿ ನಿಮ್ಮ ಹೆಸರೇ ಇಲ್ಲ. ಉಳಿದ ಮೊತ್ತ ಯಾರದು ಎಂದು ಹೇಳುವುದು ಇನ್ನೊಂದು ಕಾಗದ. ಏಜೆನ್ಸಿಗೂ ನಿಮ್ಮ ಯಜಮಾನರಿಗೂ ನಡುವೆ ಆಗುವ ಬಾಡಿಗೆ ಕರಾರು ಅದು. ಸಾಮಾನ್ಯವಾಗಿ ಅದರಲ್ಲಿ ‘ಹಾನಿಯಾದರೆ ಇಷ್ಟು ರೂಪಾಯಿಯವರೆಗೆ ಬಾಡಿಗೆದಾರರ ಹೊಣೆ’ ಎಂಬ ಸಾಲು ಇರುತ್ತದೆ. ಡೆಪಾಸಿಟ್ ಆ ಸಾಲಿನ ಮುಂಗಡ.

ಅದರ ಮೇಲೆ ಇನ್ನೂ ಒಂದು ಕಾರಣವಿದೆ. ಕ್ಲೇಮ್ ಮಾಡದೆ ವರ್ಷ ಕಳೆದರೆ ಮಾಲೀಕರಿಗೆ ಪ್ರೀಮಿಯಮ್ಮಿನಲ್ಲಿ ನೋ ಕ್ಲೇಮ್ ಬೋನಸ್ ಸಿಗುತ್ತದೆ. ಖಾಸಗಿ ಕಾರಿನಲ್ಲಿ ಅದು ಮೊದಲ ವರ್ಷಕ್ಕೆ 20 ಪ್ರತಿಶತದಿಂದ ಶುರುವಾಗಿ 50 ಪ್ರತಿಶತದವರೆಗೆ ಏರುತ್ತದೆ. ಒಂದು ಬಂಪರಿಗಾಗಿ ಕ್ಲೇಮ್ ಹಾಕಿ ಅದನ್ನು ಕಳೆದುಕೊಳ್ಳಲು ಯಾವ ಮಾಲೀಕರಿಗೂ ಮನಸ್ಸು ಬರುವುದಿಲ್ಲ. ಹಾಗಾಗಿ ಸಣ್ಣಪುಟ್ಟ ಗೀರು, ತಗ್ಗು ಯಾವುದೂ ವಿಮಾ ಕಂಪನಿಯ ಬಾಗಿಲಿಗೆ ಹೋಗುವುದೇ ಇಲ್ಲ, ಡೆಪಾಸಿಟ್ಟಿನಲ್ಲೇ ಮುಗಿದುಹೋಗುತ್ತದೆ. ಗಾಡಿ ಗ್ಯಾರೇಜಿನಲ್ಲಿ ನಿಂತ ದಿನಗಳ ಬಾಡಿಗೆಯನ್ನೂ ಕೆಲವು ಕರಾರುಗಳು ನಿಮ್ಮ ಲೆಕ್ಕಕ್ಕೇ ಬರೆಯುತ್ತವೆ. ಬಿಲ್ಲಿಗಿಂತ ಇದೇ ದೊಡ್ಡದಾಗುವುದುಂಟು. ಸಹಿ ಹಾಕುವ ಮೊದಲು ಆ ಸಾಲನ್ನು ಹುಡುಕಿ ಓದಿ.

ಈಗ ನಿಮ್ಮ ನಾದಿನಿಯ ಮಾತಿಗೆ ಬರೋಣ. ಅವರು ಹೇಳಿದ್ದು ಅವರ ಊರಿಗೆ ಸರಿ. ಅಮೆರಿಕದಲ್ಲಿ ಸ್ವಂತ ಕಾರಿಗೆ ಮಾಡಿಸಿದ ವಿಮೆ ಸಾಮಾನ್ಯವಾಗಿ ಬಾಡಿಗೆಗೆ ಪಡೆದ ಕಾರಿಗೂ ಚಾಚಿಕೊಳ್ಳುತ್ತದೆ. ಕೆಲವು ಕ್ರೆಡಿಟ್ ಕಾರ್ಡುಗಳೂ ಬಾಡಿಗೆ ಕಾರಿನ ಹಾನಿಯನ್ನು ಭರಿಸುತ್ತವೆ. ಅದಕ್ಕೇ ಅಲ್ಲಿನ ಕೌಂಟರಿನಲ್ಲಿ ಇನ್ನೊಂದು ವಿಮೆ ತಗುಲಿಸಲು ಬಂದರೆ ಜನ ‘ಬೇಡ’ ಎನ್ನುತ್ತಾರೆ. ನಮ್ಮಲ್ಲಿ ಹಾಗಲ್ಲ. ಇಲ್ಲಿ ಪಾಲಿಸಿ ಒಂದು ನಿರ್ದಿಷ್ಟ ನಂಬರಿನ, ನಿರ್ದಿಷ್ಟ ಚಾಸಿಯ ಗಾಡಿಗೆ ಅಂಟಿಕೊಂಡಿರುತ್ತದೆ. ನಿಮ್ಮ ಎಂಎಚ್ 05 ನಂಬರಿನ ಚಿಕ್ಕ ಕಾರಿನ ಪಾಲಿಸಿ ಆ ಕಾರಿಗೆ ಮಾತ್ರ. ಬಾಡಿಗೆ ಗಾಡಿಗೆ ಅದರಿಂದ ಒಂದು ರೂಪಾಯಿಯೂ ಸಿಗುವುದಿಲ್ಲ. ಇದರಲ್ಲಿ ಒಂದು ಸಮಾಧಾನವೂ ಇದೆ. ಬಾಡಿಗೆ ಗಾಡಿಗೆ ಏನಾದರೂ ನಿಮ್ಮ ಕಾರಿನ ನೋ ಕ್ಲೇಮ್ ಬೋನಸ್ಸಿಗೆ ಕುಂದಿಲ್ಲ.

ಇದೇ ಜಾಗದಲ್ಲಿ ಇನ್ನೊಂದು ತಪ್ಪು ತಿಳಿವಳಿಕೆಯೂ ಆಗುತ್ತದೆ. ದಿನಕ್ಕೆ ಇನ್ನಿಷ್ಟು ಹೆಚ್ಚು ಕೊಟ್ಟರೆ ‘ಪ್ರೊಟೆಕ್ಷನ್’ ಕೊಡುತ್ತೇವೆ ಎಂದು ಏಜೆನ್ಸಿಗಳೂ ಆ್ಯಪುಗಳೂ ಹೇಳುತ್ತವೆ. ಅದು ನಿಮ್ಮ ಹೆಸರಿನ ವಿಮಾ ಪಾಲಿಸಿ ಎಂದು ತಿಳಿಯಬೇಡಿ. ಹೆಚ್ಚಾಗಿ ಅದು ಏಜೆನ್ಸಿ ಕೊಡುವ ಒಂದು ಮಾತು, ‘ಹಾನಿಯಾದರೆ ಇಂತಿಷ್ಟರ ಮೇಲೆ ನಿಮ್ಮನ್ನು ಕೇಳುವುದಿಲ್ಲ’ ಎಂದು. ಮಾತು ಒಳ್ಳೆಯದೇ, ಅತ್ತೆ ಮಾವನವರನ್ನು ಕೂರಿಸಿಕೊಂಡು ಘಾಟಿ ಇಳಿಯುವವರಿಗೆ ನೆಮ್ಮದಿಯೂ ಹೌದು. ಆದರೆ ಆ ಮಾತು ಯಾವಾಗ ಮುರಿಯುತ್ತದೆ ಎಂಬುದನ್ನೂ ಅದೇ ಕಾಗದ ಹೇಳುತ್ತದೆ. ಕುಡಿದು ಓಡಿಸಿದರೆ, ಕರಾರಿನಲ್ಲಿ ಹೆಸರಿಲ್ಲದವರು ಓಡಿಸಿದರೆ, ಟೈರು, ರಿಮ್ಮು, ಗಾಡಿಯ ಅಡಿಭಾಗಕ್ಕೆ ಪೆಟ್ಟಾದರೆ ಅನ್ವಯಿಸದು ಎಂಬ ಬಗೆಯ ಷರತ್ತುಗಳು ಅಲ್ಲಿ ಸಾಮಾನ್ಯ.

ವಿಠ್ಠಲವಾಡಿಯವರಾದ ನಿಮಗೆ ನೀರಿನ ವಿಷಯ ಬಿಡಿಸಿ ಹೇಳಬೇಕಾಗಿಲ್ಲ. 2005ರ ಜುಲೈ 26ರ ಮಳೆಯನ್ನು, ಉಲ್ಲಾಸ ನದಿಯೂ ವಾಲಧುನಿಯೂ ಉಕ್ಕಿದ್ದನ್ನು ನಿಮ್ಮ ಕಡೆಯ ಹಿರಿಯರು ಇನ್ನೂ ಮರೆತಿಲ್ಲ. ನಿಂತ ನೀರಿನಲ್ಲಿ ಗಾಡಿ ಬಂದ್ ಬಿದ್ದಾಗ ಮತ್ತೆ ಸ್ಟಾರ್ಟ್ ಮಾಡಿದರೆ ಎಂಜಿನ್ನಿನೊಳಗೆ ನೀರು ಎಳೆದುಕೊಂಡು ಒಳಗಿನ ಭಾಗಗಳು ಬಾಗುತ್ತವೆ, ಒಡೆಯುತ್ತವೆ. ಸಾಮಾನ್ಯ ಪಾಲಿಸಿ ಇದನ್ನು ಅಪಘಾತ ಎನ್ನುವುದಿಲ್ಲ, ಆನಂತರ ತಂದುಕೊಂಡ ನಷ್ಟ ಎಂದು ಹೊರಗಿಡುತ್ತದೆ. ಎಂಜಿನ್ ರಕ್ಷಣೆಯ ಹೆಚ್ಚುವರಿ ಕವರ್ ಇದ್ದರೆ ಮಾತ್ರ ಹಣ ಸಿಗುತ್ತದೆ. ಮೇ ಕೊನೆಯಲ್ಲಿ ಕರಾವಳಿಯಲ್ಲಿ ಮಳೆ ಬೇಗ ಬಂದರೆ ಒಂದೇ ನಿಯಮ ನೆನಪಿಡಿ: ನೀರಿನಲ್ಲಿ ನಿಂತ ಗಾಡಿಯ ಕೀಲಿ ತಿರುಗಿಸಬೇಡಿ, ತಳ್ಳಿ ಹೊರಗೆ ತನ್ನಿ, ಏಜೆನ್ಸಿಗೆ ಫೋನ್ ಮಾಡಿ.

ಇನ್ನು ಗಾಡಿ ಬಾಡಿಗೆಗೆ ಕೊಡಲು ಅರ್ಹವೇ ಎಂಬುದು. ಇದನ್ನು ನಂಬರ್ ಪ್ಲೇಟಿನಿಂದಲೇ ಗುರುತಿಸಬಹುದು. ಖಾಸಗಿ ಕಾರಿನದು ಬಿಳಿ ಪ್ಲೇಟ್, ಕಪ್ಪು ಅಕ್ಷರ. ಚಾಲಕರ ಸಮೇತ ಬರುವ ಟ್ಯಾಕ್ಸಿಯದು ಹಳದಿ ಪ್ಲೇಟ್, ಕಪ್ಪು ಅಕ್ಷರ. ನೀವೇ ಓಡಿಸಲು ಬಾಡಿಗೆಗೆ ಕೊಡುವ ಗಾಡಿಯದು ಕಪ್ಪು ಪ್ಲೇಟ್, ಹಳದಿ ಅಕ್ಷರ. ಈ ಮೂರನೆಯ ವರ್ಗ ಹುಟ್ಟಿದ್ದು ಕಾಯಿದೆಯ 75ನೇ ಕಲಮಿನಡಿ ಬಂದ 1989ರ ರೆಂಟ್ ಎ ಕ್ಯಾಬ್ ಯೋಜನೆಯಿಂದ. ಅದರಡಿ ಲೈಸೆನ್ಸ್ ಪಡೆಯಲು ಕನಿಷ್ಠ 50 ಕ್ಯಾಬುಗಳು ಇರಬೇಕು. ಇದು ಸಣ್ಣ ಏಜೆಂಟರಿಗೆ ನಿಲುಕದ ಸಂಖ್ಯೆ. ಅದಕ್ಕೇ ಕೆಲವರು ಗೆಳೆಯರ, ಅಕ್ಕಪಕ್ಕದವರ ಬಿಳಿ ಪ್ಲೇಟಿನ ಕಾರುಗಳನ್ನೇ ‘ಅಡ್ಜಸ್ಟ್ ಮಾಡಿ’ ಕೊಡುತ್ತಾರೆ.

ಬಿಳಿ ಪ್ಲೇಟಿನ ಗಾಡಿ ಕೊಟ್ಟರೆ ಬಾಡಿಗೆ ಸ್ವಲ್ಪ ಕಡಿಮೆ ಇರಬಹುದು, ಪಾಲಿಸಿಯೂ ಚಾಲ್ತಿಯಲ್ಲಿರಬಹುದು. ಆದರೆ ಆ ಪಾಲಿಸಿಯ ಪ್ರತಿ ತೆಗೆದು ‘ಲಿಮಿಟೇಶನ್ಸ್ ಆ್ಯಸ್ ಟು ಯೂಸ್’ ಎಂಬ ಸಣ್ಣ ಅಕ್ಷರದ ತಲೆಬರಹವನ್ನು ಹುಡುಕಿ. ಗಾಡಿಯನ್ನು ಯಾವ ಯಾವ ಕೆಲಸಕ್ಕೆ ಬಳಸುವಂತಿಲ್ಲ ಎಂಬ ಪಟ್ಟಿ ಅದರ ಕೆಳಗೆ ಇರುತ್ತದೆ. ಖಾಸಗಿ ಕಾರಿನ ಪಾಲಿಸಿಯಾದರೆ ಪಟ್ಟಿಯ ಮೊದಲ ಸಾಲೇ ‘ಹೈರ್ ಆರ್ ರಿವಾರ್ಡ್’, ಅಂದರೆ ಬಾಡಿಗೆಗೆ ಅಥವಾ ಪ್ರತಿಫಲಕ್ಕೆ. ಇಂಥ ಗಾಡಿಗೆ ಅಪಘಾತವಾದರೆ ಗಾಡಿಯ ಹಾನಿಯ ಕ್ಲೇಮನ್ನು ಕಂಪನಿ ತಳ್ಳಿಹಾಕಬಹುದು. ಬೇರೆಯವರಿಗೆ ಕೊಡಬೇಕಾದ ಪರಿಹಾರದ ವಿಷಯದಲ್ಲೂ ಪರ್ಮಿಟ್ ಇಲ್ಲದೆ ಬಾಡಿಗೆಗೆ ಓಡಿಸಿದ್ದನ್ನು ಕಂಪನಿ ನ್ಯಾಯಮಂಡಳಿಯ ಮುಂದೆ ಎತ್ತಬಹುದು, ಕಾಯಿದೆಯೇ ಅದಕ್ಕೆ ಎಡೆ ಮಾಡಿಕೊಟ್ಟಿದೆ. ಆಗ ‘ಫುಲ್’ ಎಂದದ್ದು ಸೊನ್ನೆಯಾಗುತ್ತದೆ. ನೀವು ಕೊಲ್ಹಾಪುರ ದಾಟಿ ನಿಪ್ಪಾಣಿಯಲ್ಲಿ ಕರ್ನಾಟಕಕ್ಕೆ ಹೊಕ್ಕರೂ ಸರಿ, ಕೊಂಕಣದ ದಾರಿಯಲ್ಲಿ ಗೋವಾ ಹಾದು ಬಂದರೂ ಸರಿ, ರಾಜ್ಯದ ಗಡಿ ದಾಟಲೇಬೇಕು. ಆದ್ದರಿಂದ ಕಪ್ಪು ಪ್ಲೇಟಿನ ಗಾಡಿಯನ್ನೇ ಕೇಳಿ, ಪರ್ಮಿಟ್ ಗಡಿಯಾಚೆಗೂ ಸಲ್ಲುತ್ತದೆಯೇ ಎಂದು ನೋಡಲು ಅದರ ಪ್ರತಿಯನ್ನೂ ಕೇಳಿ.

ಲೈಸೆನ್ಸಿನ ಬಗ್ಗೆ ಚಿಂತೆ ಬೇಡ. ಬಾಡಿಗೆ ಕ್ಯಾಬ್ ಓಡಿಸಲು ಕಮರ್ಷಿಯಲ್ ಲೈಸೆನ್ಸ್ ಬೇಕೇನೋ ಎಂಬ ಭಯ ಹಲವರಿಗಿದೆ. ಕಾಯಿದೆಯ 3ನೇ ಕಲಮು ಸ್ವಂತ ಬಳಕೆಗೆ ಬಾಡಿಗೆಗೆ ಪಡೆದ ಕ್ಯಾಬಿಗೆ ಸ್ಪಷ್ಟವಾಗಿ ವಿನಾಯಿತಿ ಕೊಟ್ಟಿದೆ. ನಿಮ್ಮ ಯಜಮಾನರ ಸಾಮಾನ್ಯ ಕಾರಿನ ಲೈಸೆನ್ಸ್ ಸಾಕು.

ಮಗನ ಸಂಗತಿ ಬೇರೆ. ಲೈಸೆನ್ಸ್ ಇರುವ ಯಾರು ಬೇಕಾದರೂ ಓಡಿಸಬಹುದು ಎಂದು ವಿಮಾ ಪಾಲಿಸಿ ಹೇಳುತ್ತದೆ, ಕರಾರು ಹಾಗೆ ಹೇಳುವುದಿಲ್ಲ. ಕರಾರಿನಲ್ಲಿ ಯಾರ ಹೆಸರು ಮತ್ತು ಲೈಸೆನ್ಸ್ ನಂಬರು ಇದೆಯೋ ಅವರಷ್ಟೇ ಓಡಿಸಬೇಕು. ಬಹಳಷ್ಟು ಏಜೆನ್ಸಿಗಳು 21 ವರ್ಷ ತುಂಬಿರಬೇಕು, ಲೈಸೆನ್ಸಿಗೆ ಒಂದು ವರ್ಷವಾಗಿರಬೇಕು ಎನ್ನುತ್ತವೆ. ಹತ್ತೊಂಬತ್ತರ ಹುಡುಗ ಖಾಲಿ ರಸ್ತೆಯಲ್ಲಿ ಐದು ಕಿಲೋಮೀಟರ್ ಓಡಿಸಿದರೂ ಆ ಐದು ಕಿಲೋಮೀಟರಿನ ಹಾನಿ ಪೂರ್ತಿಯಾಗಿ ನಿಮ್ಮ ಮೇಲೆ ಬರಬಹುದು. ಈ ಗಾಡಿ ಬೇಡ ಎಂದು ಅವನಿಗೆ ಹೇಳಿ.

ಮೂರನೆಯ ಪಾಲಿಗೆ ಬಂದೆವು: ಓಡಿಸುವವರಿಗೆ ಆಗುವ ನಷ್ಟ. ಇದನ್ನು ಯಾರೂ ಕೇಳುವುದಿಲ್ಲ, ನೀವೂ ಕೇಳಿಲ್ಲ. ಹೇಳಲೇಬೇಕಾದದ್ದು ಇದೇ. ಕಂಪ್ರೆಹೆನ್ಸಿವ್ ಅಥವಾ ಪ್ಯಾಕೇಜ್ ಪಾಲಿಸಿ ಇದ್ದರೆ ಗಾಡಿಯಲ್ಲಿ ಕೂತ ನೀವು, ಅತ್ತೆ ಮಾವ, ಮಕ್ಕಳು ಪರಿಹಾರ ಕೇಳುವ ಹಕ್ಕಿನೊಳಗೆ ಬರುತ್ತೀರಿ. ಆದರೆ ತಮ್ಮದೇ ತಪ್ಪಿನಿಂದ ಅಪಘಾತ ಮಾಡಿಕೊಂಡ ಚಾಲಕರು ಬರುವುದಿಲ್ಲ. ಪಾಲಿಸಿಯಲ್ಲಿ 15 ಲಕ್ಷ ರೂಪಾಯಿಯ ವೈಯಕ್ತಿಕ ಅಪಘಾತ ವಿಮೆ ಎಂದು ಬರೆದಿರುವುದನ್ನು ನೋಡಿ ಜನ ಮೋಸ ಹೋಗುತ್ತಾರೆ. ಅದು ‘ಮಾಲೀಕ ಚಾಲಕ’ನಿಗೆ, ಅಂದರೆ ಗಾಡಿ ಯಾರ ಹೆಸರಿನಲ್ಲಿದೆಯೋ ಅವರಿಗೆ ಮಾತ್ರ.

ನಮ್ಮ ಬಾಗಲಕೋಟೆ ಜಿಲ್ಲೆಯ ಒಂದು ಪ್ರಕರಣ ಇದನ್ನು ಕಟುವಾಗಿ ತೋರಿಸುತ್ತದೆ. 1999ರ ಏಪ್ರಿಲ್ 1ರಂದು ಒಬ್ಬರು ಬೇರೆಯವರ ಮೋಟಾರ್‌ಸೈಕಲ್ ಕೇಳಿ ತೆಗೆದುಕೊಂಡು ಇಳಕಲ್ಲಿನಿಂದ ತಮ್ಮೂರು ಗುಡೂರಿಗೆ ಹೊರಟಿದ್ದರು. ಮುಂದೆ ಕಬ್ಬಿಣದ ತಗಡು ಹೇರಿಕೊಂಡು ಹೋಗುತ್ತಿದ್ದ ಎತ್ತಿನ ಗಾಡಿ ಥಟ್ಟನೆ ನಿಂತಿತು. ಬೈಕು ಅದಕ್ಕೆ ಬಡಿದು ಅವರು ತೀರಿಕೊಂಡರು. ಬೈಕಿಗೆ ವಿಮೆ ಇತ್ತು. ಮನೆಯವರು ತಪ್ಪು ಯಾರದೆಂದು ಸಾಧಿಸದೆಯೇ ಪರಿಹಾರ ಕೇಳಬಹುದಾಗಿದ್ದ 163ಎ ಕಲಮಿನಡಿ ಅರ್ಜಿ ಹಾಕಿದರು. 2009ರಲ್ಲಿ ಸುಪ್ರೀಂ ಕೋರ್ಟ್ ಆ ಕಲಮಿನಡಿ ಪರಿಹಾರ ಸಿಗದು ಎಂದಿತು. ಗಾಡಿ ಕೇಳಿ ಪಡೆದು ಓಡಿಸುವವರು ಮಾಲೀಕರ ಜಾಗದಲ್ಲೇ ನಿಂತಂತೆ. ಪರಿಹಾರ ಕೊಡಬೇಕಾದವರೇ ಪರಿಹಾರ ಪಡೆಯುವವರೂ ಆಗಲಾರರು ಎಂಬುದು ಅದರ ತರ್ಕ. ಇದರಿಂದ ನಮಗೆ ಸಿಗುವ ಪಾಠ ಇಷ್ಟು: ಬೇರೆಯವರ ಗಾಡಿ ಓಡಿಸುವವರು ಆ ಗಾಡಿಯ ವಿಮೆಯನ್ನು ನೆಚ್ಚಿ ಕೂರಬಾರದು.

ಇದಕ್ಕೆ ಉಪಾಯ ಕಷ್ಟದ್ದಲ್ಲ. ಯಜಮಾನರ ಹೆಸರಿನಲ್ಲಿ ಒಂದು ವೈಯಕ್ತಿಕ ಅಪಘಾತ ಪಾಲಿಸಿ ಮಾಡಿಸಿ. ಅದು ಮನುಷ್ಯನ ಜೊತೆ ಹೋಗುತ್ತದೆ, ಯಾವ ಗಾಡಿಯಲ್ಲಿದ್ದರೂ ಸಲ್ಲುತ್ತದೆ. ಕನಿಷ್ಠ ಪಕ್ಷ ಬ್ಯಾಂಕಿನಲ್ಲಿ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆ ಇದೆಯೇ ನೋಡಿ. 18ರಿಂದ 70 ವರ್ಷದವರಿಗೆ ವರ್ಷಕ್ಕೆ 20 ರೂಪಾಯಿ, ಅಪಘಾತದಲ್ಲಿ ಸಾವಾದರೆ 2 ಲಕ್ಷ ರೂಪಾಯಿ. ಇದರ ವರ್ಷ ಜೂನ್ 1ರಿಂದ ಮೇ 31ರವರೆಗೆ. ನಿಮ್ಮ ರಜೆ ಆ ಗಡಿಯಲ್ಲೇ ಬೀಳುವುದರಿಂದ ಕಂತು ಕಡಿತವಾಗಲು ಖಾತೆಯಲ್ಲಿ ಹಣ ಇರಲಿ.

ಇನ್ನು ಗಾಡಿ ಕೈಗೆ ತೆಗೆದುಕೊಳ್ಳುವ ಹೊತ್ತಿನ ಕೆಲಸ. ಎಲ್ಲರೂ ನಾಲ್ಕು ಕಡೆಯ ನಾಲ್ಕು ಫೋಟೋ ಹೊಡೆಯುತ್ತಾರೆ, ಸಾಲದು. ಒಮ್ಮೆ ಹುಬ್ಬಳ್ಳಿಯಲ್ಲಿ ನಾನು ಬಾಡಿಗೆ ಗಾಡಿ ಮರಳಿಸುವಾಗ ಏಜೆನ್ಸಿಯ ಹುಡುಗ ನೇರವಾಗಿ ಮೊಣಕಾಲೂರಿ ಮುಂದಿನ ಬಂಪರಿನ ಕೆಳ ಅಂಚಿಗೆ ಬೆರಳಾಡಿಸಿ ‘ಸರ್, ಇಲ್ಲಿ ತರಚಿದೆ’ ಎಂದ. ನಿಂತು ನೋಡಿದರೆ ಕಾಣದ ಜಾಗ. ಅದು ಮೊದಲೇ ಇತ್ತೋ, ನಾನೇ ಯಾವುದೋ ಹಂಪಿನ ಮೇಲೆ ಮಾಡಿದೆನೋ, ಇಂದಿಗೂ ನನಗೆ ಗೊತ್ತಿಲ್ಲ. ನನ್ನ ಹತ್ತಿರ ಆ ಜಾಗದ ಫೋಟೋ ಇರಲಿಲ್ಲ, ಸಾವಿರದೈನೂರು ಹೋಯಿತು. ಅಂದಿನಿಂದ ನಾನೂ ಮೊಣಕಾಲೂರುತ್ತೇನೆ. ಬಂಪರಿನ ಕೆಳ ಅಂಚು, ನಾಲ್ಕೂ ರಿಮ್ಮು, ಮುಂಗಾಜಿನ ಮೂಲೆಗಳು, ಕನ್ನಡಿಗಳ ಹಿಂಬದಿ, ಸ್ಟೆಪ್ನಿ, ಜ್ಯಾಕು, ಡೀಸೆಲ್ ಮುಳ್ಳು, ಓಡಿದ ಕಿಲೋಮೀಟರ್ ಎಲ್ಲವನ್ನೂ ಒಂದೇ ವಿಡಿಯೋದಲ್ಲಿ ತೆಗೆದು ಅಲ್ಲೇ ನಿಂತು ಏಜೆನ್ಸಿಯ ವಾಟ್ಸಾಪಿಗೆ ಕಳಿಸಿ. ಕಳಿಸಿದ ಹೊತ್ತು ಅದರಲ್ಲೇ ದಾಖಲಾಗುತ್ತದೆ. ಮರಳಿಸುವಾಗಲೂ ಹೀಗೇ ಮಾಡಿ.

ದಾರಿಯಲ್ಲಿ ಏನಾದರೂ ಆದರೆ ಮೊದಲು ಗಾಯಾಳುಗಳ ಕಡೆ ನೋಡಿ: 112, ಅಥವಾ ರಾಷ್ಟ್ರೀಯ ಹೆದ್ದಾರಿಯಲ್ಲಿದ್ದರೆ 1033. ಆಮೇಲೆ ಪೊಲೀಸರಿಗೆ, ಏಜೆನ್ಸಿಗೆ, ವಿಮಾ ಕಂಪನಿಗೆ ತಿಳಿಸಿ. ಯಾರಿಗಾದರೂ ಪೆಟ್ಟಾದಾಗ ಪೊಲೀಸರಿಗೆ 24 ಗಂಟೆಯೊಳಗೆ ತಿಳಿಸುವುದು ಚಾಲಕರ ಕರ್ತವ್ಯ ಎಂದು 134ನೇ ಕಲಮು ಹೇಳುತ್ತದೆ. ಏಜೆನ್ಸಿಯನ್ನು ಕೇಳದೆ ಊರಿನ ಗ್ಯಾರೇಜಿನಲ್ಲಿ ರಿಪೇರಿ ಮಾಡಿಸಬೇಡಿ. ಸರ್ವೇಯರ್ ನೋಡುವ ಮೊದಲೇ ಬಂಪರ್ ಬಿಚ್ಚಿದರೆ ಕ್ಲೇಮಿಗೆ ಆಧಾರವೇ ಉಳಿಯುವುದಿಲ್ಲ.

ಕೊನೆಗೆ, ಏಜೆನ್ಸಿಯವರಿಗೆ ಇಂದೇ ಈ ನಾಲ್ಕು ಪ್ರಶ್ನೆ ಬರೆದು ಕಳಿಸಿ. ಪ್ಲೇಟ್ ಯಾವ ಬಣ್ಣದ್ದು? ಪಾಲಿಸಿಯ ಮತ್ತು ಪರ್ಮಿಟ್ಟಿನ ಪ್ರತಿ ಕಳಿಸುತ್ತೀರಾ? ಹಾನಿಯಾದರೆ ನಮ್ಮ ಹೊಣೆ ಹೆಚ್ಚೆಂದರೆ ಎಷ್ಟು ರೂಪಾಯಿ, ಗ್ಯಾರೇಜಿನಲ್ಲಿ ನಿಂತ ದಿನಗಳ ಬಾಡಿಗೆಯೂ ಅದರೊಳಗೇ ಬರುತ್ತದೆಯೇ? ಆ ಮಿತಿ ಯಾವ ಸಂದರ್ಭಗಳಲ್ಲಿ ಅನ್ವಯಿಸುವುದಿಲ್ಲ? ಉತ್ತರ ಬರಹದಲ್ಲಿ ಬಂದರೆ ಹತ್ತು ಸಾವಿರ ಡೆಪಾಸಿಟ್ ಕಟ್ಟಿ ಗಾಡಿ ತೆಗೆದುಕೊಳ್ಳಿ. ‘ಟೆನ್ಶನ್ ಬೇಡ’ ಎಂದು ಮತ್ತೆ ಬಾಯಲ್ಲೇ ಹೇಳಿದರೆ ಬೇರೆ ಏಜೆನ್ಸಿ ನೋಡಿ. ಮೇ ತಿಂಗಳಿಗೆ ಇನ್ನೂ ಸಮಯವಿದೆ.